ಮನೆಯ ರೂಟರ್ ಮನೆಯವರ ಕೈಯಲ್ಲಿರಲಿ

ಮಗಳೇ,

ಮನೆಗೆ ಫೈಬರ್ ಬಂತು ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಬಹಳ ಸಂತೋಷವಾಯಿತು. ಬೆಂಗಳೂರಿನ ಕೆಲಸವನ್ನು ನೀನು ಉಡಿಗಾಲದ ಮನೆಯಲ್ಲೇ ಕೂತು ಮಾಡುವಂತಾದರೆ ನಿಮ್ಮವ್ವನಿಗೂ ಆಸರೆ, ತಮ್ಮನ ಓದಿಗೂ ಅನುಕೂಲ. ಈಗ ನಾನು ಹೇಳುವುದನ್ನು ಒಸಿ ಗಮನ ಕೊಟ್ಟು ಕೇಳು. ಸಂಪರ್ಕ ಹಾಕಿಕೊಟ್ಟ ಹುಡುಗನನ್ನು ಇನ್ನೊಂದು ಸಲ ಮನೆಗೆ ಕರೆ. ಕೂರಿಸಿ ಕಾಫಿ ಕೊಡು. ಅವನು ಎದ್ದು ಹೋಗುವುದರೊಳಗೆ ಮೂರು ವಿಷಯ ಬರೆಸಿಕೊ: ನಿಮ್ಮ ಸಂಪರ್ಕದ ಯೂಸರ್ ಐಡಿ, ಅದರ ಪಾಸ್‌ವರ್ಡ್, ವಿಲ್ಯಾನ್ ನಂಬರು. ಆ ಚೀಟಿಯನ್ನು ಪಹಣಿ, ಪಾಸ್‌ಬುಕ್ಕು ಇಟ್ಟಿರುವ ಫೈಲಿನಲ್ಲೇ ಇಡು. ನಿನ್ನ ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡ. ನೀನು ಊರಲ್ಲಿಲ್ಲದ ದಿನವೇ ಅದು ಬೇಕಾಗುವುದು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ದೂರವಾಣಿ ಇಲಾಖೆಗೆ ಸೇರಿದ ಕಾಲದಲ್ಲಿ ಯಾವ ಮನೆಯ ತಂತಿ ಯಾವ ಕಂಬದಿಂದ ಇಳಿದಿದೆ ಅನ್ನುವುದು ಲೈನ್‌ಮ್ಯಾನ್‌ಗೆ ಬಾಯಿಪಾಠ. ಅವನು ವರ್ಷಗಟ್ಟಲೆ ಅದೇ ಸುತ್ತಿನಲ್ಲಿ ಇರುತ್ತಿದ್ದ. 2000ದ ಅಕ್ಟೋಬರ್ 1ರಂದು ಇಲಾಖೆ ಹೋಗಿ ಬಿಎಸ್‌ಎನ್‌ಎಲ್ ಕಂಪನಿ ಬಂತು. 2020ರ ಜನವರಿ 31ರಂದು ದೇಶದುದ್ದಕ್ಕೂ 78 ಸಾವಿರಕ್ಕೂ ಹೆಚ್ಚು ಮಂದಿ ನಾವು ಸ್ವಯಂ ನಿವೃತ್ತಿ ಪಡೆದು ಒಂದೇ ದಿನ ಹೊರಗೆ ಬಂದೆವು. ಇತ್ತ ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರ್‌ನಲ್ಲೇ ಒಪ್ಪಿಗೆ ಕೊಟ್ಟಿತ್ತು. ಭಾರತ್‌ನೆಟ್ ಅನ್ನುವುದು ಅದಕ್ಕೆ ಆಮೇಲೆ ಬಂದ ಹೆಸರು. ಹೀಗೆ ಫೈಬರ್ ಹಳ್ಳಿಯ ಕಡೆ ಬಂತು, ಅದನ್ನು ಬಲ್ಲ ನೌಕರ ಹಳ್ಳಿಯಿಂದ ದೂರವಾದ. ಈಗ ಮನೆಗಳಿಗೆ ಎಳೆ ತಂದು ಕೊಡುವವರು ಬಹುಪಾಲು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡ ಸ್ಥಳೀಯ ಕೇಬಲ್ ಆಪರೇಟರುಗಳು, ಅವರ ಹತ್ತಿರ ದುಡಿಯುವ ಹುಡುಗರು. ಬೆಳಿಗ್ಗೆ ತೆರಕಣಾಂಬಿ ಕಡೆ ಒಂದು ಮನೆ, ಮಧ್ಯಾಹ್ನ ಚಾಮರಾಜನಗರದ ಕಡೆ ಇನ್ನೊಂದು ಮನೆ ಅಂತ ಬಿಸಿಲಲ್ಲಿ ಬೈಕು ಓಡಿಸಿಕೊಂಡು ಕಷ್ಟಪಡುವ ಮಕ್ಕಳು ಅವರು. ಅವರ ಮೇಲೆ ನನಗೆ ಗೌರವವೇ ಇದೆ. ಆದರೆ ಇವತ್ತು ಬಂದ ಹುಡುಗ ಬರುವ ವರ್ಷ ಬೇರೆ ಕೆಲಸ ಹಿಡಿದಿರಬಹುದು. ನಿಮ್ಮ ಮನೆಯ ಸೆಟ್ಟಿಂಗು ಅವನ ತಲೆಯಲ್ಲಿ ಮಾತ್ರ ಇದ್ದರೆ ಅವನ ಜೊತೆಗೆ ಅದೂ ಹೋಯಿತು ಅಂತಲೇ ತಿಳಿ.

ಇಲ್ಲಿ ನಮ್ಮ ಬೀದಿಯ ಒಂದು ಮನೆಯಲ್ಲಿ ಆದದ್ದು ಕೇಳು. ನೆಟ್ ನಿಧಾನವಾಯಿತು ಅಂತ ಮೊಮ್ಮಗ ರೂಟರ್‌ನ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ, ದೀಪಗಳೆಲ್ಲ ಒಮ್ಮೆ ಆರಿ ಹತ್ತುವವರೆಗೂ ಒತ್ತಿ ಹಿಡಿದ. ಅದು ರೀಸೆಟ್ ಗುಂಡಿ. ಅದನ್ನು ಒತ್ತಿ ಹಿಡಿದರೆ ಕಾರ್ಖಾನೆಯಿಂದ ಬಂದ ದಿನ ಡಬ್ಬಿ ಹೇಗಿತ್ತೋ ಹಾಗಾಗುತ್ತದೆ. ಐಡಿ, ಪಾಸ್‌ವರ್ಡ್, ವಿಲ್ಯಾನ್ ಎಲ್ಲ ಅಳಿಸಿಹೋಗುತ್ತದೆ. ವೈ-ಫೈ ಬರುತ್ತಿತ್ತು, ಇಂಟರ್ನೆಟ್ ಮಾತ್ರ ಇಲ್ಲ. ಹಾಕಿದವನ ಫೋನು ಸ್ವಿಚ್ ಆಫ್. ಅಜ್ಜಿಯ ಹತ್ತಿರ ಹಣ ಕಟ್ಟಿದ ರಸೀದಿ ಬಿಟ್ಟರೆ ಒಂದು ಚೂರು ಕಾಗದ ಇರಲಿಲ್ಲ. ಆ ಮನೆಯ ಹುಡುಗಿಯ ಆನ್‌ಲೈನ್ ಪರೀಕ್ಷೆ ಪಕ್ಕದ ಮನೆಯಲ್ಲಿ ನಡೆಯಿತು. ನೆಟ್ ತೊಂದರೆ ಕೊಟ್ಟಾಗ ಪವರ್ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕುವುದರಲ್ಲಿ ತಪ್ಪಿಲ್ಲ. ಪಿನ್ನಿನ ತಂಟೆಗೆ ಮಾತ್ರ ಆ ಮೂರು ವಿಷಯ ಕೈಯಲ್ಲಿಲ್ಲದೆ ಹೋಗಬೇಡಿ. ತಮ್ಮನಿಗೂ ಇದನ್ನು ತಿಳಿಸಿ ಹೇಳು, ಅವನ ವಯಸ್ಸಿನವರ ಕೈ ಸುಮ್ಮನಿರುವುದಿಲ್ಲ.

ಇನ್ನು ಡಬ್ಬಿಯ ಒಳಗೆ ಹೋಗುವ ದಾರಿ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ರೂಟರ್‌ಗೆ ಜೋಡಿಸಿ, ಬ್ರೌಸರಿನ ಮೇಲಿನ ಪಟ್ಟಿಯಲ್ಲಿ 192.168.1.1 ಅಂತ ಟೈಪ್ ಮಾಡು. ಕೆಲವು ಡಬ್ಬಿಗಳಲ್ಲಿ ಅದು 192.168.0.1 ಇರುತ್ತದೆ. ಡಬ್ಬಿಯನ್ನು ತಿರುಗಿಸಿ ನೋಡಿದರೆ ತಳದ ಚೀಟಿಯಲ್ಲಿ ಈ ವಿಳಾಸ, ಒಳಹೋಗುವ ಹೆಸರು, ಪಾಸ್‌ವರ್ಡ್ ಅಚ್ಚಾಗಿರುತ್ತವೆ. ಒಳಗೆ ಹೋದ ಕೂಡಲೇ ಏನನ್ನೂ ಬದಲಿಸಬೇಡ. ಮೊದಲು ಒಂದೊಂದೇ ಪುಟ ತೆರೆದು ಫೋನಿನಲ್ಲಿ ಫೋಟೋ ತೆಗೆದುಕೊ. ಈಗ ನಡೆಯುತ್ತಿರುವ ಸೆಟ್ಟಿಂಗು ಏನು ಅನ್ನುವುದಕ್ಕೆ ಅದೇ ದಾಖಲೆ. ಬ್ಯಾಕಪ್ ಅಂತ ಒಂದು ಆಯ್ಕೆ ಕಂಡರೆ ಫೈಲು ಇಳಿಸಿಟ್ಟುಕೊ.

ವ್ಯಾನ್ ಅನ್ನುವ ಪುಟ ಇದೆಯಲ್ಲ, ಡಬ್ಬಿಯ ಜೀವ ಇರುವುದು ಅಲ್ಲಿ. ಸಂಪರ್ಕದ ಬಗೆ ಅನ್ನುವಲ್ಲಿ ಪಿಪಿಪಿಒಇ ಅಂತ ಇದ್ದರೆ, ನಿಮ್ಮ ರೂಟರ್ ಪ್ರತಿ ಸಲ ಹೊತ್ತಿಕೊಂಡಾಗಲೂ ಕಂಪನಿಯ ಸರ್ವರ್‌ಗೆ ಐಡಿ, ಪಾಸ್‌ವರ್ಡ್ ಒಪ್ಪಿಸಿ ಆಮೇಲೆ ಒಂದು ವಿಳಾಸ ಪಡೆಯುತ್ತದೆ ಅಂತ ಅರ್ಥ. ಕೆಲವು ಕಂಪನಿಗಳಲ್ಲಿ ಈ ಐಡಿಯ ಗೊಡವೆಯೇ ಇಲ್ಲ, ವಿಳಾಸ ತಾನಾಗಿ ಬರುತ್ತದೆ. ನಿಮ್ಮದು ಯಾವುದು ಅಂತ ಹುಡುಗನನ್ನೇ ಕೇಳು. ಐಡಿ ಟೈಪ್ ಮಾಡುವಾಗ ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ, ಒಂದೋ ಎಲ್ ಅಕ್ಷರವೋ ಅಂತ ಎರಡು ಸಲ ನೋಡು. ಕೈಬರಹದ ಚೀಟಿಯಲ್ಲಿ ಎಡವಟ್ಟಾಗುವುದು ಇಲ್ಲೇ. ವಿಲ್ಯಾನ್ ನಂಬರು ಇರುವುದು ಒಂದೇ ಎಳೆಯಲ್ಲಿ ಬರುವ ಫೋನು, ಟಿವಿ, ಇಂಟರ್ನೆಟ್ಟನ್ನು ಬೇರೆಬೇರೆಯಾಗಿ ಗುರುತಿಸುವುದಕ್ಕೆ. ಅದು ತಪ್ಪಿದ್ದರೆ ಐಡಿ, ಪಾಸ್‌ವರ್ಡ್ ಸರಿಯಿದ್ದರೂ ಸಂಪರ್ಕ ಕೂಡುವುದಿಲ್ಲ. ಈ ನಂಬರು ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇರಬೇಕಿಲ್ಲ, ಯೂಟ್ಯೂಬಿನಲ್ಲಿ ಯಾರೋ ತೋರಿಸಿದ್ದನ್ನು ನೋಡಿ ಹಾಕಬೇಡ.

ಅದೇ ಪುಟದಲ್ಲಿ ಎಂಟಿಯು ಅಂತ ಒಂದು ಅಂಕಿ ಇರುತ್ತದೆ. ಸಾಮಾನ್ಯ ಜಾಲದಲ್ಲಿ ಒಂದು ಕಂತಿಗೆ 1500 ಬೈಟ್ ಮಾಹಿತಿ ಹೋಗುತ್ತದೆ. ಪಿಪಿಪಿಒಇ ತನ್ನ ಗುರುತಿಗೆ ಅಂತ 8 ಬೈಟ್ ತೆಗೆದುಕೊಳ್ಳುವುದರಿಂದ ನಿಮಗೆ ಉಳಿಯುವುದು 1492. ಅಲ್ಲಿ 1500 ಅಂತ ಇದ್ದುಬಿಟ್ಟರೆ ಒಂದು ವಿಚಿತ್ರ ಕಾಟ ಶುರುವಾಗಬಹುದು: ವಾಟ್ಸ್‌ಆ್ಯಪ್ ಬರುತ್ತದೆ, ಕೆಲವು ಜಾಲತಾಣ ತೆರೆಯುತ್ತವೆ, ಇನ್ನು ಕೆಲವು ಸುತ್ತುತ್ತಾ ನಿಂತುಬಿಡುತ್ತವೆ. ಕಂಪ್ಲೇಂಟ್ ಕೊಟ್ಟರೆ ‘ನಮ್ಮ ಕಡೆಯಿಂದ ಎಲ್ಲ ಸರಿ ಇದೆ’ ಅನ್ನುತ್ತಾರೆ. ಅವರ ಕಡೆ ಸರಿಯೇ ಇರುತ್ತದೆ. ನೀನು ಈ ಅಂಕಿ ನೋಡಿ ಸರಿಪಡಿಸು.

ಈಗ ದೀಪಗಳ ವಿಷಯ. ಇದನ್ನು ನಿಮ್ಮವ್ವನಿಗೆ ಕಲಿಸಲೇಬೇಕು. ಪಿಒಎನ್ ಅಂತ ಬರೆದ ಹಸಿರು ದೀಪ ಮಿಣುಕದೆ ನಿಂತಿದ್ದರೆ ಎಳೆ ಚೆನ್ನಾಗಿದೆ. ಎಲ್‌ಒಎಸ್ ಅನ್ನುವ ದೀಪ ಕೆಂಪಾಗಿ ಮಿಣುಕುತ್ತಿದ್ದರೆ ಬೆಳಕು ಮನೆಯವರೆಗೆ ಬರುತ್ತಲೇ ಇಲ್ಲ. ಆಗ ಯಾವ ಸೆಟ್ಟಿಂಗನ್ನೂ ಮುಟ್ಟಬಾರದು, ತಪ್ಪು ರಸ್ತೆಯ ಮೇಲಿದೆ. ಬಾಳೆಗೊನೆ ತುಂಬಿದ ಲಾರಿ ತಗುಲಿ ಜಗ್ಗಿರಬಹುದು, ಜೆಸಿಬಿ ಕಿತ್ತಿರಬಹುದು, ಕೋತಿ ಜೋತಾಡಿರಬಹುದು. ಫೋನ್ ಮಾಡಿ ‘ನೆಟ್ ಬರ್ತಿಲ್ಲ’ ಅನ್ನುವುದಕ್ಕಿಂತ ‘ಎಲ್‌ಒಎಸ್ ಕೆಂಪು ಬಂದಿದೆ’ ಅಂದರೆ ಹುಡುಗ ಕೇಬಲ್ ಜೋಡಿಸುವ ಯಂತ್ರದ ಸಮೇತ ಬರುತ್ತಾನೆ. ಬರಿಗೈಲಿ ಬಂದು ನೋಡಿ, ನಾಳೆ ಬರುತ್ತೇನೆ ಅಂತ ಹೋಗುವುದು ತಪ್ಪುತ್ತದೆ.

ಎಳೆ ಪೂರ್ತಿ ತುಂಡಾಗದೆ ನವೆಯುವುದೂ ಉಂಟು. ಅದನ್ನು ತಿಳಿಯಲು ಸ್ಟೇಟಸ್ ಪುಟದಲ್ಲಿ ಆಪ್ಟಿಕಲ್ ಪವರ್ ಅಂತ ಒಂದು ಅಂಕಿ ಹುಡುಕು. ಡಿಬಿಎಂ ಲೆಕ್ಕದಲ್ಲಿ, ಮೈನಸ್ ಗುರುತಿನ ಜೊತೆ ಇರುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ನೆಮ್ಮದಿ. ಮೈನಸ್ 27 ದಾಟಿದರೆ ಸಂಪರ್ಕ ಕಡಿದು ಕಡಿದು ಬರುತ್ತದೆ. ಪ್ರತಿ 3 ಡಿಬಿ ಇಳಿದಾಗಲೂ ಬೆಳಕು ಅರ್ಧಕ್ಕರ್ಧ ಕಡಿಮೆಯಾಯಿತು ಅಂತ ಲೆಕ್ಕ. ಸಂಪರ್ಕ ಚೆನ್ನಾಗಿರುವ ಈಗಲೇ ಆ ಅಂಕಿಯನ್ನು ಅದೇ ಚೀಟಿಯ ಕೆಳಗೆ ತಾರೀಕು ಹಾಕಿ ಬರೆದಿಡು. ಮುಂದೆ ಯಾವಾಗಲಾದರೂ ತೊಂದರೆಯಾದಾಗ ಹಳೆಯದರ ಜೊತೆ ಹೋಲಿಸಿ ಹೇಳಬಹುದು. ಹಾಗೆ ಅಂಕಿ ಹಿಡಿದು ಮಾತನಾಡುವ ಗ್ರಾಹಕರನ್ನು ಯಾರೂ ಸುಲಭಕ್ಕೆ ಸಾಗಹಾಕುವುದಿಲ್ಲ. ಆ ಕಡೆ ಕೂತು ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ.

ಒಂದು ಎಚ್ಚರಿಕೆ. ಡಬ್ಬಿಗೆ ಸಿಕ್ಕಿಸಿರುವ ಹಸಿರು ತಲೆಯ ಕನೆಕ್ಟರ್ ಇದೆಯಲ್ಲ, ಅದರ ಗಾಜಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ಬೆರಳಿನ ಜಿಡ್ಡು ಅಂಟಿದರೂ ಬೆಳಕು ಕುಂದುತ್ತದೆ. ಗುಡಿಸುವಾಗ ಒರೆಸುವಾಗ ಅದನ್ನು ಕೀಳಬೇಡಿ. ಕಿತ್ತು ಬಂದರೂ ಯಾರೂ ಕಣ್ಣ ಹತ್ತಿರ ಹಿಡಿದು ಒಳಗೆ ನೋಡಬಾರದು. ಅದರಲ್ಲಿ ಬರುವ ಬೆಳಕು ನಮ್ಮ ಕಣ್ಣಿಗೆ ಕಾಣದ ಜಾತಿಯದು, ಏನೂ ಇಲ್ಲ ಅನ್ನಿಸುತ್ತದೆ. ಆದರೂ ಕಣ್ಣಿಗೆ ಕೆಡುಕು. ಹಳದಿ ಎಳೆಯನ್ನು ಬಿಗಿಯಾಗಿ ಮಡಚಿ ಮೊಳೆಗೆ ಸುತ್ತುವುದೂ ಬೇಡ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ್ದು ಪಾಸ್‌ವರ್ಡ್ ವಿಷಯ. ಇದರಲ್ಲಿ ಉದಾಸೀನ ಮಾಡಬೇಡ ಕಣವ್ವ. ರೂಟರ್‌ಗೆ ಎರಡು ಪಾಸ್‌ವರ್ಡ್ ಇರುತ್ತವೆ: ಫೋನು ವೈ-ಫೈಗೆ ಸೇರಲು ಒಂದು, ಡಬ್ಬಿಯ ಸೆಟ್ಟಿಂಗಿನೊಳಗೆ ಹೋಗಲು ಇನ್ನೊಂದು. ಜನ ಮೊದಲನೆಯದನ್ನು ಬದಲಿಸಿ ಸುಮ್ಮನಾಗುತ್ತಾರೆ. ಎರಡನೆಯದು ಕಾರ್ಖಾನೆಯವರು ಇಟ್ಟ ‘ಅಡ್ಮಿನ್’ ಆಗಿಯೇ ಉಳಿದುಬಿಡುತ್ತದೆ. 2017ರ ಜುಲೈನಲ್ಲಿ ನಮ್ಮ ಕರ್ನಾಟಕ ವಲಯದಲ್ಲೇ ಬಿಎಸ್‌ಎನ್‌ಎಲ್ ಗ್ರಾಹಕರ ಮೋಡೆಮ್‌ಗಳಿಗೆ ಮಾಲ್‌ವೇರ್ ನುಗ್ಗಿತು. ಬಲಿಯಾದದ್ದು ಮೊದಲಿನ ಪಾಸ್‌ವರ್ಡನ್ನೇ ಬಿಟ್ಟುಕೊಂಡಿದ್ದ ಡಬ್ಬಿಗಳು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಅಂತ ಕಂಪನಿ ದೇಶದ ಗ್ರಾಹಕರಿಗೆಲ್ಲ ಹೇಳಬೇಕಾಯಿತು. ಅದರ ಹಿಂದಿನ ವರ್ಷ, 2016ರ ಅಕ್ಟೋಬರ್ 21ರಂದು, ಅಮೆರಿಕದಲ್ಲಿ ದೊಡ್ಡದೊಡ್ಡ ಜಾಲತಾಣಗಳೇ ಗಂಟೆಗಟ್ಟಲೆ ತೆರೆಯಲಿಲ್ಲ. ಅದಕ್ಕೆ ಕಾರಣವಾದ ಮಿರಾಯ್ ಅನ್ನುವ ಮಾಲ್‌ವೇರ್ ಹಿಡಿದದ್ದು ಮನೆಮನೆಯ ರೂಟರು, ಕ್ಯಾಮೆರಾಗಳನ್ನು. ಅದರ ಹತ್ತಿರ ಇದ್ದದ್ದು ಕಾರ್ಖಾನೆಗಳು ಇಡುವ ಹೆಸರು, ಪಾಸ್‌ವರ್ಡುಗಳ 60 ಚಿಲ್ಲರೆ ಜೋಡಿ, ಅಷ್ಟೇ. ಹಳ್ಳಿಮನೆಯ ಡಬ್ಬಿ ಯಾರಿಗೆ ಬೇಕು ಅಂದುಕೊಳ್ಳಬೇಡ. ಹುಡುಕುವುದು ಮನುಷ್ಯನಲ್ಲ, ಯಂತ್ರ. ಅದಕ್ಕೆ ಉಡಿಗಾಲವೂ ಒಂದೇ, ನ್ಯೂಯಾರ್ಕೂ ಒಂದೇ.

ಒಳಗೆ ನುಗ್ಗಿದವರು ಡಬ್ಬಿಯನ್ನು ಕೆಡಿಸಿಯೇ ಹೋಗಬೇಕು ಅಂತಿಲ್ಲ. ಡಿಎನ್‌ಎಸ್ ಅನ್ನುವ ಜಾಗದಲ್ಲಿ ತಮ್ಮ ಅಂಕಿ ಬರೆದು ಹೋದರೂ ಸಾಕು. ಬ್ಯಾಂಕಿನ ಹೆಸರು ಟೈಪ್ ಮಾಡಿದರೆ ಅದು ಯಾವ ವಿಳಾಸದಲ್ಲಿದೆ ಅಂತ ಹುಡುಕಿಕೊಡುವುದು ಡಿಎನ್‌ಎಸ್. ಅದು ಕಳ್ಳರದಾದರೆ ಬ್ಯಾಂಕಿನ ಹಾಗೆಯೇ ಕಾಣುವ ನಕಲಿ ಪುಟಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಕಂಪನಿಯದೇ ಅಂಕಿ ಇರಲಿ, ಇಲ್ಲವೇ ಎಲ್ಲರೂ ಬಳಸುವ 8.8.8.8, 1.1.1.1 ಇರಲಿ. ಗುರುತೇ ಇಲ್ಲದ ಅಂಕಿ ಕಂಡರೆ ಕೂಡಲೇ ವಿಚಾರಿಸು. ಅರಿಶಿನ ಮಾರಿದ ಹಣ ನಿಮ್ಮಪ್ಪನ ಖಾತೆಗೆ ಬರುವ ದಿನಗಳಲ್ಲಿ ಇನ್ನೂ ಹುಷಾರಾಗಿರು. ಹಣ ಹೋಯಿತು ಅಂತ ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ಹೇಳುತ್ತೀವೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಈ ನಂಬರನ್ನೂ ಚೀಟಿಯಲ್ಲಿ ಬರೆ.

ವೈ-ಫೈಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಭದ್ರತೆ ಇಡು. ಡಬ್ಲ್ಯುಪಿಎಸ್ ಅನ್ನುವುದನ್ನು ಆಫ್ ಮಾಡು. ಅದರ 8 ಅಂಕಿಯ ಪಿನ್ನನ್ನು ಎರಡು ತುಂಡು ಮಾಡಿ ಪರೀಕ್ಷಿಸುವುದರಿಂದ ಹೆಚ್ಚೆಂದರೆ 11 ಸಾವಿರ ಪ್ರಯತ್ನದಲ್ಲಿ ಒಡೆಯಬಹುದು ಅಂತ 2011ರಲ್ಲೇ ತೋರಿಸಿಕೊಟ್ಟಿದ್ದಾರೆ. ಪಾಸ್‌ವರ್ಡ್ 8 ಅಕ್ಷರಕ್ಕೆ ಕಡಿಮೆ ಇರಬಾರದು, 63ರವರೆಗೂ ಇಡಬಹುದು. ಫೋನ್ ನಂಬರು, ಮನೆದೇವರ ಹೆಸರು ಬೇಡ, ಊರಿನವರು ಮೊದಲು ಊಹಿಸುವುದೇ ಅದನ್ನು. ನಮ್ಮ ಮನೆಯವರಿಗೆ ಮಾತ್ರ ಗೊತ್ತಿರುವ ಯಾವುದೋ ಮಾತನ್ನು, ನಾಲ್ಕೈದು ಪದ ಸೇರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನೆನಪಿಡುವುದು ಸುಲಭ, ಒಡೆಯುವುದು ಕಷ್ಟ. ಹಬ್ಬಕ್ಕೆ ಬಂದ ನೆಂಟರಿಗೆ ಗೆಸ್ಟ್ ವೈ-ಫೈ ಬೇರೆ ಮಾಡಿಕೊಡು. ನೆಂಟರನ್ನು ನಂಬಬಾರದು ಅಂತಲ್ಲ, ಅವರ ಫೋನಿನಲ್ಲಿ ಏನಿದೆಯೋ ಅವರಿಗೂ ಗೊತ್ತಿರುವುದಿಲ್ಲ. ಪಾಸ್‌ವರ್ಡ್ ಇಲ್ಲದೆ ತೆರೆದಿಡುವುದಂತೂ ಬೇಡವೇ ಬೇಡ. 2008ರ ಜುಲೈ 26ರಂದು ಅಹಮದಾಬಾದಿನ ಬಾಂಬ್ ಸ್ಫೋಟಕ್ಕೆ ಸ್ವಲ್ಪ ಮುಂಚೆ ಬಂದ ಬೆದರಿಕೆಯ ಇ-ಮೇಲ್ ಎಲ್ಲಿಂದ ಅಂತ ಹುಡುಕಿದಾಗ, ಅದು ನವಿ ಮುಂಬೈಯ ಒಂದು ಮನೆಯ ವೈ-ಫೈಗೆ ಹೋಗಿ ಮುಟ್ಟಿತು. ಆ ಮನೆಯಾತ ಅದನ್ನು ಕಳಿಸಿರಲಿಲ್ಲ. ಆದರೂ ಪೊಲೀಸರು ಮೊದಲು ಹೋದದ್ದು ಅವನ ಬಾಗಿಲಿಗೇ.

ಗದ್ದೆ ಮನೆಗೆ ಕ್ಯಾಮೆರಾ ಹಾಕಿಸುವ ಯೋಚನೆ ನಿಮ್ಮಪ್ಪನಿಗೆ ಇದೆಯಂತೆ. ಹಂದಿ ಕಾಟಕ್ಕೆ ಒಳ್ಳೆಯದೇ. ಹಾಕುವವರು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ, ಅದು ಹೊರಗಿನವರಿಗೂ ದಾರಿ ಬಿಟ್ಟಂತೆ. ಎಷ್ಟೋ ಮನೆಗಳಲ್ಲಿ ಅದು ಕೆಲಸವೂ ಮಾಡುವುದಿಲ್ಲ: ಒಂದೇ ಸಾರ್ವಜನಿಕ ವಿಳಾಸವನ್ನು ಕಂಪನಿ ಹಲವು ಮನೆಗಳಿಗೆ ಹಂಚಿರುತ್ತದೆ. ವ್ಯಾನ್ ಪುಟದ ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ನಿಮ್ಮದೂ ಹಂಚಿಕೆಯ ವಿಳಾಸ ಅಂತ ತಿಳಿ. ಕ್ಯಾಮೆರಾ ತಯಾರಿಸಿದವರ ಆ್ಯಪ್‌ನಲ್ಲೇ ನೋಡಿಕೊಳ್ಳಿ, ಅದರ ಪಾಸ್‌ವರ್ಡನ್ನೂ ಬದಲಿಸಿ.

ಕೊನೆಗೆ ಮನೆಯೊಳಗಿನ ಸಿಗ್ನಲ್. ಡಬ್ಬಿಯನ್ನು ಹಜಾರದ ಮೂಲೆಯಲ್ಲಿ, ಕಬ್ಬಿಣದ ಬೀರುವಿನ ಮೇಲೆ ಇಟ್ಟಿದ್ದಾರೆ ಅಂತ ಕೇಳಿದೆ. ಕೇಬಲ್ ಒಳಬರುವ ಕಿಟಕಿ ಅಲ್ಲಿದೆ ಅಂತ ಇಟ್ಟಿರುತ್ತಾರೆ, ನೀನು ಹಿಂದಿನ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತೀಯ ಅನ್ನುವುದು ಅವರಿಗೇನು ಗೊತ್ತು. ನಮ್ಮ ಹಳೆಯ ಮನೆಯ ಮಣ್ಣಿನ ಗೋಡೆ ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಸೋತುಹೋಗುತ್ತದೆ. 2.4 ಇನ್ನಷ್ಟು ದೂರ ಮುಟ್ಟುತ್ತದೆ, ಆದರೆ ವೇಗ ಕಡಿಮೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹತ್ತಾರು ವೈ-ಫೈ ಸಂತೆಯ ವ್ಯಾಪಾರಿಗಳ ಹಾಗೆ ಒಟ್ಟಿಗೇ ಕೂಗುತ್ತಿರುತ್ತವೆ. ಅಲ್ಲಿ 1, 6, 11ರಲ್ಲಿ ಖಾಲಿ ಇರುವ ಚಾನೆಲ್ ಹುಡುಕಿಕೊಳ್ಳಬೇಕು. ನಿಮ್ಮಲ್ಲಿ ಆ ಗಲಾಟೆ ಇಲ್ಲ, ಇರುವುದು ಗೋಡೆಯ ಕಾಟ. ಮೊದಲು ಲ್ಯಾನ್ ಕೇಬಲ್ ಹಾಕಿ ವೇಗ ಅಳೆ. ಕೇಬಲ್‌ನಲ್ಲಿ ಪ್ಲಾನಿನಷ್ಟು ಬಂದು ಕೋಣೆಯಲ್ಲಿ ಬರದಿದ್ದರೆ ಕಂಪನಿಯನ್ನು ದೂರಿ ಪ್ರಯೋಜನವಿಲ್ಲ.

ಅಂಗಡಿಯವರು ಸಿಗ್ನಲ್ ಹಿಗ್ಗಿಸುವ ಪುಟ್ಟ ಯಂತ್ರ ಮಾರುತ್ತಾರೆ. ಅದು ಸೋತ ಸಿಗ್ನಲ್ಲನ್ನೇ ಹಿಡಿದು ಮತ್ತೆ ಬಿಡುವುದು, ನಿನ್ನ ಕೆಲಸಕ್ಕೆ ಸಾಲದು. ನನ್ನ ಹತ್ತಿರ ಒಂದು ಹಳೆಯ ರೂಟರ್ ಇದೆ, ಅದನ್ನೇ ಕೊಡುತ್ತೇನೆ. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಹೊಸ ಡಬ್ಬಿಯ ವಿಳಾಸ 192.168.1.1 ಇದ್ದರೆ ಹಳೆಯದರ ವಿಳಾಸವನ್ನು 192.168.1.2 ಅಂತ ಮಾಡು. ಆಮೇಲೆ ಡಿಎಚ್‌ಸಿಪಿ ಆಫ್ ಮಾಡು. ಮನೆಯ ಉಪಕರಣಗಳಿಗೆ ವಿಳಾಸ ಹಂಚುವುದು ಡಿಎಚ್‌ಸಿಪಿ ಕೆಲಸ, ಇಬ್ಬರು ಹಂಚಲು ನಿಂತರೆ ಎಲ್ಲ ಅಡ್ಡಾದಿಡ್ಡಿಯಾಗುತ್ತದೆ. ಹೊಸ ಡಬ್ಬಿಯ ಲ್ಯಾನ್ ಪೋರ್ಟಿನಿಂದ ಹಳೆಯದರ ಲ್ಯಾನ್ ಪೋರ್ಟಿಗೆ ಕೇಬಲ್ ಎಳೆ, ವ್ಯಾನ್ ಪೋರ್ಟಿಗಲ್ಲ. ಎರಡಕ್ಕೂ ಒಂದೇ ವೈ-ಫೈ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ಓಡಾಡುವಾಗ ಫೋನು ತಾನಾಗಿಯೇ ಹತ್ತಿರದ್ದನ್ನು ಹಿಡಿಯುತ್ತದೆ. ಲ್ಯಾನ್ ಕೇಬಲ್ 100 ಮೀಟರ್‌ವರೆಗೂ ನಡೆಯುತ್ತದೆ, ಮನೆಯೊಳಗೆ ಎಷ್ಟು ಸುತ್ತಿದರೂ ತೊಂದರೆ ಇಲ್ಲ. ಕೊಟ್ಟಿಗೆಗೆ ಅಂತ ಬಯಲಲ್ಲಿ ಮಾತ್ರ ಎಳೆಯಬೇಡಿ, ಸಿಡಿಲಿಗೆ ಅದೇ ದಾರಿಯಾಗುತ್ತದೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಡಬ್ಬಿಯ ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡಬೇಕು. ಗಾಜಿನ ಎಳೆಯಲ್ಲಿ ಕರೆಂಟು ಹರಿಯದಿದ್ದರೂ ಪ್ಲಗ್ಗಿನಲ್ಲಿ ಹರಿಯುತ್ತದಲ್ಲ. ಮತ್ತೆ ಹಾಕುವಾಗ ಅದೇ ಅಡಾಪ್ಟರನ್ನೇ ಹಾಕಿ. ಟಿವಿ ಸೆಟ್‌ಟಾಪ್‌ನದೂ ಹೀಗೇ ಕಾಣುತ್ತದೆ, ವೋಲ್ಟೇಜ್ ಬೇರೆ ಇದ್ದರೆ ಡಬ್ಬಿ ಸುಟ್ಟುಹೋಗುತ್ತದೆ.

ಹಜಾರದ ಬೀರುವಿನಿಂದ ನಿನ್ನ ಕೋಣೆಯ ಮೇಜಿನವರೆಗೆ, ಬಾಗಿಲ ಚೌಕಟ್ಟಿನ ಮೇಲಿಂದ ಹಾಯಿಸಿ, ತಮ್ಮನ ಕೈಲಿ ದಾರ ಹಿಡಿಸಿ ಅಳತೆ ಮಾಡಿ ತಿಳಿಸು. ಅದಕ್ಕೆ ಎರಡು ಮೀಟರ್ ಹೆಚ್ಚಿಗೆ ಸೇರಿಸಿ ಕೇಬಲ್ ತಗೊಂಡು ಭಾನುವಾರ ಬರುತ್ತೇನೆ.

ನಿನ್ನ ದೊಡ್ಡಪ್ಪ